ಸ್ಪೆಕ್ಟ್ರಮ್ ಕ್ಯಾಸೆಟ್ಟಿನಲ್ಲೇ ಉಳಿದುಹೋದ ಆಟವನ್ನು ಉಳಿಸಿಕೊಳ್ಳುವ ಬಗೆ

1982ರಲ್ಲಿ ಬ್ರಿಟನ್ನಿನಲ್ಲಿ ಮಾರುಕಟ್ಟೆಗೆ ಬಂದ ಝಡ್‌ಎಕ್ಸ್ ಸ್ಪೆಕ್ಟ್ರಮ್ ಕಂಪ್ಯೂಟರಿಗಾಗಿ ಬರೆದು, ಬಿಡುಗಡೆಯಾಗದೆ ಉಳಿದ ಆಟದ ಏಕೈಕ ಪ್ರತಿ ಹಳೆಯ ಕ್ಯಾಸೆಟ್ಟೊಂದರಲ್ಲಿ ಇರಬಹುದಾದ್ದರಿಂದ, ಅದನ್ನು ನುಡಿಸುವ ಮೊದಲೇ ಅದರ ಅಂಚಿನಲ್ಲಿರುವ ಚಿಕ್ಕ ಪ್ಲಾಸ್ಟಿಕ್ ತುಣುಕುಗಳನ್ನು ಮುರಿದು, ಮೇಲೆ ಬೇರೇನೂ ದಾಖಲಾಗದಂತೆ ನೋಡಿಕೊಳ್ಳಬೇಕು. ಟೇಪ್ ರೆಕಾರ್ಡರಿನ ಹೆಡ್ಡನ್ನು, ಅಂದರೆ ಟೇಪನ್ನು ಓದುವ ಭಾಗವನ್ನು, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಬೇರೆ ಕ್ಯಾಸೆಟ್ಟಿನಿಂದ ಪರೀಕ್ಷಿಸಿರಿ.

ಬಳಿಕ ಧ್ವನಿಯನ್ನು 44,100 ಹರ್ಟ್ಸ್ ದರದಲ್ಲಿ ಸಂಕುಚಿಸದ ವೇವ್ ಕಡತವಾಗಿ ದಾಖಲಿಸಿರಿ. ಎಂಪಿ3 ಖಂಡಿತ ಬೇಡ. ಆಟದ ಮಾಹಿತಿ ಅಡಗಿರುವುದು ಧ್ವನಿಯ ಮಿಡಿತಗಳ ಉದ್ದದಲ್ಲಿ, ಎಂಪಿ3 ಕಡತವನ್ನು ಚಿಕ್ಕದಾಗಿಸುವ ಸಂಕೋಚನವು ಮಿಡಿತಗಳ ಆಕಾರವನ್ನೇ ಕೆಡಿಸಬಲ್ಲದು. ಆ ಧ್ವನಿಯನ್ನು ಟಿಝಡ್‌ಎಕ್ಸ್ ಎಂಬ, ಸ್ಪೆಕ್ಟ್ರಮ್ ಟೇಪಿನ ಮಾಹಿತಿಯನ್ನು ಇಡುವ ಕಡತದ ರೂಪಕ್ಕೆ ಪರಿವರ್ತಿಸುವಾಗ ದೋಷ ಕಂಡರೆ, ಹೆಡ್ಡಿನ ಪಕ್ಕದ ತಿರುಪನ್ನು ಧ್ವನಿ ಅತ್ಯಂತ ಸ್ಪಷ್ಟವಾಗಿ ಕೇಳಿಸುವವರೆಗೆ ನಿಧಾನವಾಗಿ ತಿರುಗಿಸಿ ಮತ್ತೆ ದಾಖಲಿಸಿರಿ. ಆಟ ಎಮ್ಯುಲೇಟರಿನಲ್ಲಿ, ಅಂದರೆ ಹಳೆಯ ಕಂಪ್ಯೂಟರನ್ನು ಅನುಕರಿಸುವ ತಂತ್ರಾಂಶದಲ್ಲಿ, ಸರಿಯಾಗಿ ಓಡಿದರೂ ಮೂಲ ಧ್ವನಿ ಕಡತವನ್ನು ಅಳಿಸಬಾರದು.