ಬ್ರೇಕ್ ಅಂದುಕೊಂಡು ಆಕ್ಸಿಲರೇಟರ್ ಒತ್ತದಿರಲು ಹಿಮ್ಮಡಿ ಎಲ್ಲಿರಬೇಕು?

"ಬ್ರೇಕ್ ಒತ್ತಿದೆ, ಆದ್ರೂ ಗಾಡಿ ನುಗ್ಗಿತು." ಗೋಡೆಗೆ ಗುದ್ದಿದವರ ಬಾಯಲ್ಲಿ ನಾನು ಸಾಕಷ್ಟು ಸಲ ಕೇಳಿದ ಮಾತು ಇದು. ಅವರು ಸುಳ್ಳು ಹೇಳುತ್ತಿಲ್ಲ. ಕಾಲು ಬ್ರೇಕ್ ಮೇಲೇ ಇದೆ ಎಂದು ನಂಬಿರುತ್ತಾರೆ. ಅದಕ್ಕೇ ಗಾಡಿ ನುಗ್ಗಿದಷ್ಟೂ ಇನ್ನೂ ಜೋರಾಗಿ ಒತ್ತುತ್ತಾರೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಆಡಿ 5000 ಕಾರು ತಾನಾಗಿ ನುಗ್ಗುತ್ತದೆ ಎಂದು ದೊಡ್ಡ ಗಲಾಟೆಯಾಗಿತ್ತು. ಇಂಥ ಘಟನೆಗಳ ಸರ್ಕಾರಿ ತನಿಖೆ ಮುಗಿದದ್ದು 1989ರಲ್ಲಿ. ಹೆಚ್ಚಿನವುಗಳಲ್ಲಿ ಚಾಲಕರು ಒತ್ತಿದ್ದು ತಪ್ಪು ಪೆಡಲ್ ಎಂದೇ ಅದು ಹೇಳಿತು.

ಮೊದಲು ಕಾಲ ಬಳಿ ಜಾಗ ಖಾಲಿ ಮಾಡಿ. ನೀರಿನ ಬಾಟಲಿ, ಮ್ಯಾಟ್ ಮೇಲೊಂದು ಮ್ಯಾಟ್, ಜಾರುವ ಚಪ್ಪಲಿ ಯಾವುದೂ ಬೇಡ. ಪೆಡಲ್‌ಗೆ ಅಂಟಿಸುವ ಹೊಳೆಯುವ ಲೋಹದ ಕವರ್ ಕೊಳ್ಳಲೇಬೇಡಿ. ಒದ್ದೆ ಚಪ್ಪಲಿಗೆ ಅದು ಜಾರುತ್ತದೆ.

ಎರಡನೆಯದು ಸೀಟು. ಬ್ರೇಕ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಮಡಚಿರಬೇಕು.

ಈಗ ಹಿಮ್ಮಡಿ. ಎಲ್ಲರೂ ಎಡವುವುದು ಇಲ್ಲೇ. ಎಂಜಿನ್ ಆಫ್ ಮಾಡಿ ಕೂತುಕೊಳ್ಳಿ. ಬಲಗಾಲಿನ ಹಿಮ್ಮಡಿಯನ್ನು ಬ್ರೇಕ್ ಪೆಡಲ್‌ನ ನೇರಕ್ಕೆ ನೆಲದ ಮೇಲೆ ಊರಿ. ಆಕ್ಸಿಲರೇಟರ್ ಬೇಕಾದಾಗ ಹಿಮ್ಮಡಿ ಎತ್ತಬೇಡಿ, ಮುಂಗಾಲನ್ನಷ್ಟೇ ಬಲಕ್ಕೆ ಹೊರಳಿಸಿ. ಗಾಬರಿಯಲ್ಲಿ ಕಾಲು ವಾಪಸ್ ಬರುವುದು ಹಿಮ್ಮಡಿ ಇರುವ ಕಡೆಗೇ. ಅದು ಆಕ್ಸಿಲರೇಟರ್ ಕೆಳಗಿದ್ದರೆ ಬ್ರೇಕ್ ಹುಡುಕಲು ಇಡೀ ಕಾಲು ಎತ್ತಿ ಗುರಿ ಇಡಬೇಕಾಗುತ್ತದೆ, ಆ ಗುರಿಯೇ ತಪ್ಪುವುದು. ಕಣ್ಣು ರಸ್ತೆ ಕಡೆ ಇಟ್ಟು ಇಪ್ಪತ್ತು ಸಲ ಹೊರಳಿಸಿ. ಮರುದಿನ ಮತ್ತೆ ಇಪ್ಪತ್ತು. ಪಾದ ಚಿಕ್ಕದಾಗಿ ಹಿಮ್ಮಡಿ ನೆಲಕ್ಕೆ ಸಿಗದಿದ್ದರೆ ಸೀಟು ಮುಂದೆ ತನ್ನಿ, ಎತ್ತರದ ಹಿಮ್ಮಡಿಯ ಶೂ ಹಾಕಬೇಡಿ.

ಆಟೋಮ್ಯಾಟಿಕ್ ಗಾಡಿಯಲ್ಲಿ ಎಡಗಾಲಿನಲ್ಲಿ ಬ್ರೇಕ್ ಒತ್ತಿದರೆ ಸುಲಭ ಅಂತ ಕೆಲವರು ಹೇಳಿಕೊಡುತ್ತಾರೆ. ಬೇಡ. ಗಾಬರಿಯಾದಾಗ ಎರಡೂ ಕಾಲು ಒಟ್ಟಿಗೆ ಒತ್ತಿಬಿಡುತ್ತವೆ.

ಪಾರ್ಕಿಂಗ್‌ನಲ್ಲಿ ಬಲಗಾಲು ಬ್ರೇಕ್ ಮೇಲೇ ಇರಲಿ. ಸಮತಟ್ಟು ಜಾಗದಲ್ಲಿ ಆಟೋಮ್ಯಾಟಿಕ್ ಗಾಡಿ ಬ್ರೇಕ್ ಸಡಿಲಿಸಿದರೆ ಸಾಕು, ತಾನೇ ತೆವಳುತ್ತದೆ. ರಿವರ್ಸ್‌ನಲ್ಲಿ ಹಿಂದೆ ತಿರುಗಿ ನೋಡುವಾಗ ಸೊಂಟ ತಿರುಗುತ್ತದೆ, ಜೊತೆಗೆ ಪಾದವೂ ಜಾಗ ಬಿಡುತ್ತದೆ. ಅದಕ್ಕೇ ತಿರುಗಿದ ಮೇಲೆ ಒಮ್ಮೆ ಬ್ರೇಕ್ ಒತ್ತಿ ನೋಡಿ, ಆಮೇಲೆ ಗಾಡಿ ಬಿಡಿ.

ಒಬ್ಬರನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಪಾರ್ಕಿಂಗ್ ಚೀಟಿ ತೆಗೆದುಕೊಳ್ಳಲು ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿದರು. ಪಾದ ಬ್ರೇಕ್‌ನಿಂದ ಜಾರಿತು. ಗಾಡಿ ತೆವಳಿತು. ಧಡಕ್ಕನೆ ಒತ್ತಿದರು, ಒತ್ತಿದ್ದು ಆಕ್ಸಿಲರೇಟರ್. ಚೀಟಿ ಬೆರಳಲ್ಲೇ ಇತ್ತು, ಅಡ್ಡಗಂಬಿ ಬಾನೆಟ್ ಮೇಲೆ ಬಿದ್ದಿತ್ತು. ಕೈ ಚಾಚುವ ಮುಂಚೆ ಗೇರ್ 'ಪಿ'ಗೆ, ಅಂದರೆ ಪಾರ್ಕ್‌ಗೆ ಹಾಕಿ. ಎರಡು ಸೆಕೆಂಡಿನ ಕೆಲಸ, ಅಲ್ವಾ?

ಇಷ್ಟಾದರೂ ಗಾಡಿ ನುಗ್ಗಿದರೆ? ಇನ್ನೂ ಜೋರಾಗಿ ಒತ್ತಬೇಡಿ. ಒತ್ತುತ್ತಿರುವ ಕಾಲನ್ನು ಪೂರ್ತಿ ಎತ್ತಿಬಿಡಿ. ಆಮೇಲೆ ಎಡಕ್ಕೆ ತಂದು ಅಗಲ ಪೆಡಲ್, ಅಂದರೆ ಬ್ರೇಕ್ ಒತ್ತಿ. ಆಗಲೂ ನಿಲ್ಲದಿದ್ದರೆ ಬ್ರೇಕ್ ಬಿಡದೆ ನ್ಯೂಟ್ರಲ್‌ಗೆ ಹಾಕಿ. ಓಡುವ ಗಾಡಿಯಲ್ಲಿ ಕೀಲಿ ಮಾತ್ರ ಹೊರಗೆ ಎಳೆಯಬೇಡಿ, ಸ್ಟೀರಿಂಗ್ ಲಾಕ್ ಆಗಬಹುದು.