ಕೆರೆ ಏರಿ, ರಾಜಕಾಲುವೆ, ದ್ರಾಕ್ಷಿ ಚಪ್ಪರ: ಚಿಕ್ಕಬಳ್ಳಾಪುರದ ಕಡೆ ಸೈಕಲ್ ಟೂರ್ ಹೊಡೆಯೋದು ಹೇಗೆ

ಸರ್ ಎಂ.ವಿ. ಹುಟ್ಟಿದ್ದು ನಮ್ಮ ಮುದ್ದೇನಹಳ್ಳೀಲಿ, ಅವರ ಹೆಸರಿನ ನಾಲೆ ಇರೋದು ಮಾತ್ರ ಮಂಡ್ಯದಲ್ಲಿ. ನಮ್ಮ ಕಡೆ ವರ್ಷಪೂರ್ತಿ ಹರಿಯೋ ಹೊಳೆನೇ ಇಲ್ಲ, ಇನ್ನು ನಾಲೆ ಎಲ್ಲಿಂದ ಬರಬೇಕು. ಫ್ರಾನ್ಸಿನ ಕೆನಾಲ್ ದು ಮಿದಿ ವಿಡಿಯೋ ನೋಡ್ಬಿಟ್ಟು ನಮ್ ಹುಡುಗ್ರು ಕೇಳ್ತಿರ್ತಾರೆ, ಅಣ್ಣ ಇಂಥದ್ದು ನಮ್ಮಲ್ಲಿ ಎಲ್ಲೂ ಇಲ್ವಾ ಅಂತ. ಅದು 240 ಕಿ.ಮೀ. ಉದ್ದದ ಕಾಲುವೆ, 1681ರಲ್ಲೇ ಕಟ್ಟಿ ಮುಗಿಸಿದ್ದು, ಆಗ ದೋಣಿ ಎಳೀತಿದ್ದ ಕುದುರೆಗಳು ನಡೆಯೋಕೆ ದಂಡೆ ಮೇಲೆ ದಾರಿ ಬಿಟ್ಟಿದ್ರು, ಆ ದಾರೀಲಿ ಈಗ ಸೈಕಲ್ ಓಡುತ್ತೆ, ಪಕ್ಕದಲ್ಲಿ ದ್ರಾಕ್ಷಿ ತೋಟ. ದ್ರಾಕ್ಷಿಗೆ ನಮ್ಮಲ್ಲೇನೂ ಕೊರತೆ ಇಲ್ಲ. ದಂಡೆ ಬದಲು ನಮಗೆ ಕೆರೆ ಏರಿ ಇದೆ, ಅಷ್ಟೇ ವ್ಯತ್ಯಾಸ, ಆದ್ರೆ ರೂಟ್ ಮಾಡ್ಕೊಳ್ಳೋದು ಗೊತ್ತಿರಬೇಕು.

ನಮ್ಮ ಕೆರೆಗಳು ಒಂಟಿ ಒಂಟಿಯಾಗಿ ಇಲ್ಲ, ಸರಪಳಿ ಥರ ಇವೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ರೆ ಆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಬರುತ್ತೆ, ಅಲ್ಲಿಂದ ಮುಂದಿನದಕ್ಕೆ. ಸೋ ಹಿಂದಿನ ರಾತ್ರಿ ಮೊಬೈಲಲ್ಲಿ ಮ್ಯಾಪ್ ತೆಗೆದು ಸ್ಯಾಟಲೈಟ್ ವ್ಯೂ ಹಾಕಿ, ಮೊದಲು ಕೆರೆಗಳನ್ನ ಪಿನ್ ಮಾಡಿ, ಆಮೇಲೆ ಪ್ರತಿ ಕೆರೆಗೂ ಏರಿ ಯಾವ ಕಡೆ ಇದೆ ನೋಡಿ. ಒಂದು ಕಡೆ ದಂಡೆ ಗೀಟು ಎಳೆದ ಹಾಗೆ ನೇರವಾಗಿ ಕಾಣುತ್ತಲ್ಲ ಅದೇ ಏರಿ, ಅದರ ಕೆಳಗಡೆ ಅಚ್ಚುಕಟ್ಟು, ಅಂದ್ರೆ ಕೆರೆ ನೀರು ಉಣ್ಣೋ ಜಮೀನು, ನೀರು ಹೋಗೋದೂ ಆ ಕಡೆಗೇ. ಏರಿಯಿಂದ ಏರಿಗೆ ಹಳ್ಳಿ ರಸ್ತೆ ಸೇರಿಸ್ಕೊಂಡು ಹೋದ್ರೆ ರೂಟ್ ರೆಡಿ. ನೀರು ಹೋಗೋ ದಿಕ್ಕಲ್ಲೇ ತುಳಿದ್ರೆ ಗೊತ್ತಾಗದಂಗೆ ಇಳಿಜಾರು ಸಿಗುತ್ತೆ, ವಾಪಸ್ ಬರುವಾಗ ಅದೇ ಇಳಿಜಾರು ಲೆಕ್ಕ ಕೇಳುತ್ತೆ ಅನ್ನೋದು ಬೇರೆ ಮಾತು. ಅದಕ್ಕೇ ನಾನು ಬೆಳಗ್ಗೆ ಮೈಯಲ್ಲಿ ಶಕ್ತಿ ಇರುವಾಗ ನಂದಿ ಬೆಟ್ಟದ ಕಡೆ, ಅಂದ್ರೆ ಮೇಲಕ್ಕೆ ಹೋಗ್ತೀನಿ, ಬಿಸಿಲು ಏರಿದ್ ಮೇಲೆ ಇಳಿಜಾರಲ್ಲಿ ವಾಪಸ್ ಬರ್ತೀನಿ.

ಮೊದಲ ಸಲ ಬರೋರಿಗೆ ನಾನು ಹೇಳೋದು ಚಿಕ್ಕಬಳ್ಳಾಪುರ, ಕಂದವಾರ ಕೆರೆ, ನಂದಿ ಗ್ರಾಮ, ಮುದ್ದೇನಹಳ್ಳಿ, ವಾಪಸ್ಸು. ಹಳ್ಳಿ ಒಳದಾರಿ ಎಲ್ಲಾ ಸುತ್ತಿ ನನಗೆ 35-40 ಕಿ.ಮೀ. ಆಗುತ್ತೆ, ಆರಾಮಾಗಿ ಅರ್ಧ ದಿನ. ನಂದಿ ಗ್ರಾಮದಲ್ಲಿ ಭೋಗನಂದೀಶ್ವರ ದೇವಸ್ಥಾನ ಬಿಡಬೇಡಿ, 9ನೇ ಶತಮಾನದಷ್ಟು ಹಳೇದು, ಒಳಗಿನ ಕಲ್ಯಾಣಿ ಮೆಟ್ಟಿಲ ಮೇಲೆ ಹತ್ತು ನಿಮಿಷ ಕೂತ್ರೆ ಕಾಲು ನೋವು ಮರೆತೇ ಹೋಗುತ್ತೆ. ಮುದ್ದೇನಹಳ್ಳೀಲಿ ಸರ್ ಎಂ.ವಿ. ಸಮಾಧಿ ಇದೆ, ಮ್ಯೂಸಿಯಮ್ಮೂ ಇದೆ. ನಂದಿ ಬೆಟ್ಟ ಹತ್ತೋದರ ಬಗ್ಗೆ ನಾನೇನೂ ಹೇಳಲ್ಲ, ಭಾನುವಾರ ಬೆಳಗ್ಗೆ ಅಲ್ಲಿ ಕಾರು ಬೈಕಿನ ಹೊಗೆ ಕುಡಿಯೋಕೆ ಟೂರ್ ಯಾಕೆ ಬೇಕು. ಹಾಗೇ ಹೈವೇ ಸರ್ವಿಸ್ ರೋಡೂ, ಕ್ರಷರ್ ಟಿಪ್ಪರ್‌ಗಳು ಓಡಾಡೋ ರಸ್ತೆನೂ ಬೇಡ, ಎರಡು ಕಿ.ಮೀ. ಜಾಸ್ತಿ ಆದ್ರೂ ಪರವಾಗಿಲ್ಲ ಹಳ್ಳಿ ಒಳಗಿಂದಾನೇ ಬನ್ನಿ. ದಾರಿ ತಪ್ಪಿದ್ರೆ ಅರಳೀಕಟ್ಟೆ ಮೇಲೆ ಕೂತಿರೋ ತಾತಂದಿರನ್ನ ಕೇಳಿ, ನೀವು ಕನ್ನಡದಲ್ಲಿ ಕೇಳಿದ್ರೆ ಕೆಲವು ಸಲ ಉತ್ತರ ತೆಲುಗಲ್ಲಿ ಬರುತ್ತೆ, ಕೈ ತೋರಿಸಿದ ಕಡೆ ಹೋಗಿ, ಅಷ್ಟೇ.

ಯಾವಾಗ ಬರಬೇಕು ಅಂದ್ರೆ ನವೆಂಬರಿಂದ ಮಾರ್ಚ್ ಮೊದಲ ವಾರಗಳವರೆಗೆ. ಜೂನ್ ಜುಲೈಯಲ್ಲಿ ಪಡುವಣ ಗಾಳಿ ಎದುರಿಗೆ ಸಿಕ್ಕಿದ್ರೆ ಇಳಿಜಾರಲ್ಲೂ ಪೆಡಲ್ ತುಳೀಬೇಕು. ದ್ರಾಕ್ಷಿ ತಳಿಗಳಲ್ಲಿ ದಿಲ್‌ಖುಷ್, ಶರದ್ ಇವೆಲ್ಲ ಫೆಬ್ರವರಿಯಿಂದ ಏಪ್ರಿಲ್ ತನಕ ಕಟಾವು, ಬೆಂಗಳೂರು ಬ್ಲೂ ಮಾತ್ರ ವರ್ಷಕ್ಕೆ ಎರಡು ಸಲ ಕತ್ತರಿಸಿ ಎರಡು ಬೆಳೆ ತೆಗೀತಾರೆ, ಹಂಗಾಗಿ ಅದು ಮಳೆಗಾಲದಲ್ಲೂ ಸಿಗುತ್ತೆ. ಡಿಸೆಂಬರ್ ಜನವರೀಲಿ ಬಂದ್ರೆ ಮಂಜು ಎಷ್ಟಿರುತ್ತೆ ಅಂದ್ರೆ ಏರಿ ಮೇಲೆ ನಿಂತ್ರೆ ಕೆರೆನೇ ಕಾಣಲ್ಲ, ಹಿಂದೆ ಕೆಂಪು ಲೈಟು ಮುಂದೆ ಬಿಳಿ ಲೈಟು ಇಲ್ಲದೆ ಹೊರಡಬೇಡಿ.

ಅದೇ ಟೈಮಲ್ಲಿ ಇನ್ನೊಂದು ಕಾಟ ಇದೆ, ಯಾರೂ ಹೇಳಲ್ಲ. ರಾಗಿ ಕುಯ್ದು ಟಾರ್ ರಸ್ತೆ ಮೇಲೇ ಹರಡಿರ್ತಾರೆ, ಓಡಾಡೋ ಗಾಡಿಗಳೇ ಒಕ್ಕಣೆ ಮಾಡ್ಲಿ ಅಂತ. ಕಾರಿಗೇನೂ ಆಗಲ್ಲ. ನಾನು ಒಂದ್ಸಲ ಧೈರ್ಯ ಮಾಡಿ ಅದರ ಮೇಲೇ ಹತ್ತಿಸಿದೆ, ಹುಲ್ಲು ಹಿಂದಿನ ಗೇರ್ ಒಳಗೆ ಸುತ್ಕೊಂಡು ಚೈನ್ ಗಪ್ಪಂತ ನಿಂತು ನಾನು ರಾಗಿ ಮೇಲೇ ಬಿದ್ದೆ, ಏಟೇನೂ ಆಗ್ಲಿಲ್ಲ ಮೆತ್ತಗಿತ್ತು, ಆದ್ರೆ ಒಕ್ಕಣೆ ಮಾಡ್ತಿದ್ದ ಅಮ್ಮ ನಕ್ಕಿದ್ದು ನೋಡ್ಬೇಕಿತ್ತು. ಮುಕ್ಕಾಲು ಗಂಟೆ ಕೂತು ಒಂದೊಂದೇ ಎಳೆ ಕಿತ್ತು ತೆಗೆದೆ. ಇಳಿದು ತಳ್ಕೊಂಡು ಹೋಗಿ, ಮರ್ಯಾದೆನೂ ಉಳಿಯುತ್ತೆ.

ಸೈಕಲ್ ಯಾವುದಾದ್ರೂ ನಡೆಯುತ್ತೆ, ಟೈರ್ ಮಾತ್ರ ತೆಳ್ಳಗಿದ್ರೆ ಆಗಲ್ಲ. 35ರಿಂದ 40 ಎಂಎಂ ಅಗಲ ಇರಲಿ, ಗಾಳಿ 45 ಪಿಎಸ್‌ಐ ಆಸುಪಾಸು ಸಾಕು, ಕಲ್ಲಾಗೋ ಹಂಗೆ ತುಂಬಿಸಿದ್ರೆ ಏರಿ ಮೇಲಿನ ಜಲ್ಲಿ ಪೂರ್ತಿ ಸೊಂಟಕ್ಕೆ ಗೊತ್ತಾಗುತ್ತೆ. ನಿಜವಾದ ಶತ್ರು ಜಾಲಿ ಮುಳ್ಳು, ಏರಿ ಇಳಿಜಾರಲ್ಲಿ ಎಲ್ಲಾ ಕಡೆ ಬೆಳೆದಿರುತ್ತೆ. ಎರಡು ಟ್ಯೂಬು, ಪ್ಯಾಚ್, ಲಿವರ್, ಕೈಪಂಪು ಇಟ್ಕೊಳ್ಳಿ, ಪಂಕ್ಚರ್ ಆದ್ರೆ ಹೊಸ ಟ್ಯೂಬ್ ಹಾಕೋಕೆ ಮುಂಚೆ ಟೈರ್ ಒಳಗೆ ಬೆರಳಾಡಿಸಿ ಮುಳ್ಳು ಹುಡುಕಿ ತೆಗೀರಿ, ಇಲ್ಲಾಂದ್ರೆ ಐದು ನಿಮಿಷಕ್ಕೆ ಎರಡನೇ ಟ್ಯೂಬೂ ಹೋಗುತ್ತೆ. ಹಳ್ಳಿ ಪಂಕ್ಚರ್ ಅಂಗಡೀಲಿ ಕಂಪ್ರೆಸರ್ ಇರುತ್ತೆ, ಅದು ಸ್ಕೂಟರ್ ಥರದ ದಪ್ಪ ವಾಲ್ವಿಗೆ ಮಾತ್ರ ಕೂರೋದು, ನಿಮ್ದು ತೆಳ್ಳನೆಯ ಪ್ರೆಸ್ಟಾ ವಾಲ್ವ್ ಆಗಿದ್ರೆ ಒಂದು ಚಿಕ್ಕ ಹಿತ್ತಾಳೆ ಅಡಾಪ್ಟರ್ ಬ್ಯಾಗಲ್ಲಿ ಇರಲಿ. ಮಳೆ ಬಿದ್ದ ಮಾರನೇ ದಿನ ಮಣ್ಣಿನ ಏರಿ ಹತ್ತಬೇಡಿ, ಕೆಂಪು ಮಣ್ಣು ಮಡ್‌ಗಾರ್ಡ್ ಒಳಗೆ ಮೆತ್ಕೊಂಡು ಚಕ್ರನೇ ತಿರುಗಲ್ಲ.

ನೀರು ಮೂರು ಲೀಟರ್ ಹೊತ್ಕೊಳ್ಳಿ. ಕೆರೆ ತುಂಬಿದೆ ಅಂತ ಬಾಟ್ಲಿ ಅದ್ದೋಕೆ ಹೋಗಬೇಡಿ, ಈಗ ಇಲ್ಲಿ ಸುಮಾರು ಕೆರೆಗಳಲ್ಲಿ ಇರೋದು ಎಚ್.ಎನ್. ವ್ಯಾಲಿ ನೀರು, ಅಂದ್ರೆ ಹೆಬ್ಬಾಳ ನಾಗವಾರ ಕಡೆಯಿಂದ ಬೆಂಗಳೂರಿನ ಕೊಳಚೆ ನೀರನ್ನ ಸಂಸ್ಕರಿಸಿ ಪಂಪ್ ಮಾಡಿ ಕಳಿಸೋದು. ಕೋಲಾರದ ಕಡೆ ಕೆ.ಸಿ. ವ್ಯಾಲಿ ಕಥೆನೂ ಇದೇ. ಅಂತರ್ಜಲಕ್ಕೆ ಸರಿ, ಬಾಯಿಗೆ ಬೇಡ, ಈಜೋಕೂ ಬೇಡ.

ಇನ್ನು ದ್ರಾಕ್ಷಿ ತೋಟ. ತಿನ್ನೋ ದ್ರಾಕ್ಷಿಗೆ ಕಲ್ಲುಕಂಬ ನೆಟ್ಟು ತಂತಿ ಎಳೆದು ಚಪ್ಪರ ಮಾಡಿರ್ತಾರೆ, ಒಳಗೆ ಬಗ್ಗಿ ನೋಡಿದ್ರೆ ಮದುವೆ ಮನೆ ಥರ ನೆರಳು, ಗೊಂಚಲು ತಲೆ ಮೇಲೆ ನೇತಾಡ್ತಿರುತ್ತೆ. ವೈನ್ ದ್ರಾಕ್ಷಿ ಆದ್ರೆ ಚಪ್ಪರ ಬದಲು ಬೇಲಿ ಥರ ಸಾಲು ಸಾಲು, ಅದನ್ನ ನೋಡೋಕೆ ದೊಡ್ಡಬಳ್ಳಾಪುರದ ಕಡೆ ಗ್ರೋವರ್ ತೋಟಕ್ಕೆ ಹೋಗಬಹುದು, ಮೊದಲೇ ಬುಕ್ ಮಾಡ್ಕೊಂಡು ಹೋಗಿ, ಆದ್ರೆ ವೈನ್ ರುಚಿ ನೋಡಿದ್ ಮೇಲೆ ಆವತ್ತು ಸೈಕಲ್ ಮುಟ್ಟಬೇಡಿ.

ಯಾರದೇ ತೋಟ ಆಗ್ಲಿ, ಗೇಟ್ ಹತ್ರ ನಿಂತು ಅಣ್ಣ ಒಳಗೆ ಬರ್ಬೋದಾ ಅಂತ ಕೂಗಿ, ಮುಕ್ಕಾಲು ಪಾಲು ಜನ ಕರೆದು ಒಂದು ಗೊಂಚಲು ಕೈಗೇ ಕೊಡ್ತಾರೆ. ಕೇಳದೆ ಬೇಲಿ ಸಂದಿಯಿಂದ ಕೀಳೋದು ಮಾತ್ರ ಮಾಡಬೇಡಿ, ಎಲೆ ಮೇಲೆ ನೀಲಿ ಕಲೆ ಕಂಡ್ರಂತೂ ಮುಟ್ಟಲೇಬೇಡಿ. ಅದು ಮೈಲುತುತ್ತ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ, ಬೂಜು ರೋಗಕ್ಕೆ ಹೊಡೆಯೋದು. ಇದರ ಹುಟ್ಟೇ ಒಂದು ತಮಾಷೆ: ಫ್ರಾನ್ಸಿನ ಬೋರ್ಡೋ ಕಡೆ ರೈತರು ದಾರಿಹೋಕರು ಹಣ್ಣು ಕದಿಯದೇ ಇರ್ಲಿ ಅಂತ ರಸ್ತೆ ಪಕ್ಕದ ಬಳ್ಳಿಗಳಿಗೆ ನೀಲಿಯಾಗಿ ಕಾಣೋ ಇದನ್ನ ಬಳೀತಿದ್ರು, ಆ ಬಳ್ಳಿಗಳಿಗೆ ಮಾತ್ರ ರೋಗ ಬಂದಿಲ್ಲ ಅನ್ನೋದನ್ನ 1880ರ ದಶಕದಲ್ಲಿ ಮಿಲಾರ್ಡೆ ಅನ್ನೋ ವಿಜ್ಞಾನಿ ಗಮನಿಸಿದ್ರು. ಅಂದ್ರೆ ಈ ಔಷಧಿ ಶುರುವಾಗಿದ್ದೇ ನಮ್ಮಂಥೋರನ್ನ ದೂರ ಇಡೋಕೆ. ಪಂಪ್ ಸದ್ದು ಕೇಳಿ ಸ್ಪ್ರೇ ನಡೀತಿದ್ರೆ ಕರ್ಚೀಫ್ ಕಟ್ಕೊಂಡು ಗಾಳಿ ಬರೋ ಕಡೆಯಿಂದ ದಾಟಿ.

ದುಡ್ಡು ಕೊಟ್ಟು ತಗೊಂಡ್ರೆ ಬ್ಲೂ ದ್ರಾಕ್ಷಿ ಒಂದು ಕೆ.ಜಿ. ಮೇಲೆ ತಗೋಬೇಡಿ, ಸಿಪ್ಪೆ ದಪ್ಪ ನಿಜ ಆದ್ರೆ ಕ್ಯಾರಿಯರ್ ಬ್ಯಾಗಲ್ಲಿ ಹತ್ತು ಕಿ.ಮೀ. ಕುಲುಕಿದ್ರೆ ಅದೂ ತಡೆಯಲ್ಲ. ಗಟ್ಟಿ ಡಬ್ಬಿ ತಂದಿರಿ, ತಳಕ್ಕೆ ಪೇಪರ್ ಹಾಕಿ, ಡಬ್ಬೀನ ಹ್ಯಾಂಡಲ್ ಬ್ಯಾಗಲ್ಲಿ ಇಡಿ, ಬಟ್ಟೆ ಜೊತೆ ಹಿಂದೆ ಹಾಕಬೇಡಿ. ನನ್ನದೊಂದು ಬಿಳಿ ಟೀ ಶರ್ಟ್ ಇವತ್ತಿಗೂ ನೇರಳೆ ಬಣ್ಣದಲ್ಲೇ ಇದೆ.