ಕ್ಯಾಟ್ ಎರಡನೇ ಸಲ ಬರೆಯುತ್ತೀರಾ? ಫೀಸ್ ಕಟ್ಟುವ ಮೊದಲು ಎರಡು ಸಂಜೆ ಇದಕ್ಕೆ ಕೊಡಿ

ಕಳೆದ ಜನವರಿಯಲ್ಲಿ ದಾವಣಗೆರೆಯಿಂದ ನಮ್ಮ ಚಿಕ್ಕಮ್ಮನ ಮಗಳು ಫೋನ್ ಮಾಡಿದಳು. ಐಐಎಂನಂಥ ಮ್ಯಾನೇಜ್‌ಮೆಂಟ್ ಸಂಸ್ಥೆಗಳ ಎಂಬಿಎ ಪ್ರವೇಶ ಪರೀಕ್ಷೆಯಾದ ಕ್ಯಾಟ್‌ನ ಫಲಿತಾಂಶ ಬಂದು ಒಂದೆರಡು ವಾರ ಆಗಿತ್ತು. ಅಂದುಕೊಂಡಷ್ಟು ಪರ್ಸೆಂಟೈಲ್ (ಬರೆದವರಲ್ಲಿ ನೂರಕ್ಕೆ ಎಷ್ಟು ಜನರಿಗಿಂತ ಮುಂದೆ ಅನ್ನುವ ಲೆಕ್ಕ) ಬಂದಿರಲಿಲ್ಲ. ‘ಅಕ್ಕಾ, ಮತ್ತೆ ಕ್ಲಾಸ್‌ಗೆ ಸೇರ್ಕೊಳ್ಳಲಾ? ಈ ವಾರ ಸೇರಿದ್ರೆ ಫೀಸ್ ಕಡಿಮೆ ಮಾಡ್ತಾರಂತೆ’ ಎಂದಳು. ‘ದುಡ್ಡು ಆಮೇಲೆ ಕಟ್ಟು ಕಣೆ, ಮೊದಲು ನೀನು ಕೊಟ್ಟ ಉತ್ತರಗಳಿರುವ ರೆಸ್ಪಾನ್ಸ್ ಶೀಟ್ ಕಳಿಸು’ ಎಂದೆ.

ಹಾಗೆ ಹೇಳಿದ್ದಕ್ಕೆ ಕಾರಣ ಇದೆ. ನಾನು ಕ್ಯಾಟ್ ಬರೆದಿದ್ದು ಮೂರು ಸಲ. ಎರಡನೇ ಸಲ ಹೆದರಿಕೆಯಿಂದ ಅದೇ ಕೋಚಿಂಗ್ ಸೆಂಟರ್‌ಗೆ ಪೂರ್ತಿ ಫೀಸ್ ಕಟ್ಟಿ ಸೇರಿದೆ. ನಾಲ್ಕು ತಿಂಗಳು ಶೇಕಡಾ, ಅನುಪಾತ, ಲಾಭ-ನಷ್ಟ ಅಂತ ಬರುವ ಪಾಠವನ್ನೇ ಮತ್ತೆ ಕೇಳಿದೆ. ಮಾಕ್, ಅಂದರೆ ಅಭ್ಯಾಸದ ಮಾದರಿ ಪರೀಕ್ಷೆ, ಬರೆಯಲು ಸಮಯವೇ ಉಳಿಯಲಿಲ್ಲ. ಸ್ಕೋರ್ ಹೆಚ್ಚುಕಡಿಮೆ ಅಲ್ಲೇ ನಿಂತಿತು. ಮೊದಲ ಸಲ ಎಲ್ಲಿ ಎಡವಿದೆ ಅಂತ ನೋಡದೆ ತಯಾರಿ ಆರಿಸಿಕೊಂಡರೆ ಆಗುವುದು ಇದೇ. ಆ ವರ್ಷ ನನಗೆ ವಾಪಸ್ ಸಿಗಲಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮೊದಲು: ಮತ್ತೆ ಬರೆಯಬೇಕಾ?

ಕ್ಯಾಟ್‌ಗೆ ವಯಸ್ಸಿನ ಮಿತಿ ಇಲ್ಲ. ಎಷ್ಟು ಸಲ ಬೇಕಾದರೂ ಬರೆಯಬಹುದು. ಆದರೆ ಹಳೆಯ ಸ್ಕೋರ್ ಮುಂದಿನ ವರ್ಷದ ಪ್ರವೇಶಕ್ಕೆ ನಡೆಯುವುದಿಲ್ಲ, ಸೊನ್ನೆಯಿಂದಲೇ ಶುರು. ಹಾಗಾಗಿ ಈಗ ಕೈಯಲ್ಲಿ ಒಂದು ಒಳ್ಳೆಯ ಸೀಟು ಇದ್ದರೆ, ಅದನ್ನು ಬಿಡುವ ಮೊದಲು ಮನೆಯವರ ಜೊತೆ ಕೂತು ಮಾತಾಡಿ.

ಇನ್ನೊಂದು ವಿಷಯವನ್ನು ಜಾಸ್ತಿ ಜನ ಮರೆಯುತ್ತಾರೆ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ಸೇರಿದಂತೆ ಹಲವು ಸಂಸ್ಥೆಗಳು ಕ್ಯಾಟ್ ಸ್ಕೋರ್ ಒಂದನ್ನೇ ನೋಡುವುದಿಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಅಂಕ, ಕೆಲಸದ ಅನುಭವ ಎಲ್ಲಕ್ಕೂ ಇಷ್ಟಿಷ್ಟು ಅಂತ ಲೆಕ್ಕ ಇದೆ. ಹತ್ತನೇ ತರಗತಿ ಅಂಕವನ್ನು ಈಗ ಬದಲಾಯಿಸಲು ಆಗುವುದಿಲ್ಲ ಅಲ್ವಾ? ಪ್ರತಿ ಸಂಸ್ಥೆಯೂ ಪ್ರವೇಶ ನೀತಿಯನ್ನು ತನ್ನ ವೆಬ್‌ಸೈಟಿನಲ್ಲಿ ಹಾಕಿರುತ್ತದೆ. ನಿಮ್ಮ ಅಂಕಪಟ್ಟಿಗಳನ್ನು ಮುಂದಿಟ್ಟುಕೊಂಡು ಅದನ್ನು ಓದಿ. ನಿಮಗೆ ಹೊಂದುವ ಐದಾರು ಕಾಲೇಜು ಗುರುತು ಮಾಡಿ. ಎಷ್ಟು ಪರ್ಸೆಂಟೈಲ್ ಬೇಕು ಅನ್ನುವುದು ಆಗ ತಿಳಿಯುತ್ತದೆ. ಸುಮ್ನೆ ‘99 ಬರಬೇಕು’ ಅಂತ ಹೊರಟರೆ ದಾರಿ ಕಾಣುವುದಿಲ್ಲ.

ಓದಲಿಕ್ಕೆ ಅಂತ ಕೆಲಸ ಬಿಡಬೇಡಿ ಎಂದೇ ನಾನು ಹೇಳುತ್ತೇನೆ. ಅನುಭವಕ್ಕೆ ಅಂಕ ಇರುವ ಕಡೆ ಇನ್ನೊಂದು ವರ್ಷ ನಿಮ್ಮ ಪರವಾಗಿಯೇ ಬರಬಹುದು. ಕೆಲಸ ಬಿಟ್ಟರೆ ಸಂದರ್ಶನದಲ್ಲಿ ‘ಆ ವರ್ಷ ಏನು ಮಾಡಿದಿರಿ?’ ಅನ್ನುವ ಪ್ರಶ್ನೆ ಬಂದೇ ಬರುತ್ತದೆ.

ಹಳೆಯ ಪತ್ರಿಕೆಯನ್ನು ಮತ್ತೆ ಬಿಡಿಸಿ

ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇದು. ಪರೀಕ್ಷೆ ಮುಗಿದ ಮೇಲೆ ಪ್ರಶ್ನೆಗಳು ಮತ್ತು ನೀವು ಕೊಟ್ಟ ಉತ್ತರಗಳಿರುವ ರೆಸ್ಪಾನ್ಸ್ ಶೀಟ್ ಸಿಗುತ್ತದೆ. ಅದನ್ನು ಆಗಲೇ ಡೌನ್‌ಲೋಡ್ ಮಾಡಿಟ್ಟಿದ್ದರೆ ಒಳ್ಳೆಯದು. ಇಲ್ಲದಿದ್ದರೂ ನೀವು ಬರೆದ ಸ್ಲಾಟ್‌ನ (ಪಾಳಿಯ) ಪತ್ರಿಕೆ ಹುಡುಕಿದರೆ ಸಿಗುತ್ತದೆ.

ಗಡಿಯಾರ ಪಕ್ಕಕ್ಕಿಡಿ. ಉತ್ತರ ನೋಡಬೇಡಿ. ಒಂದೊಂದೇ ಪ್ರಶ್ನೆಯನ್ನು ನಿಧಾನವಾಗಿ ಮತ್ತೆ ಬಿಡಿಸಿ. ಒಂದೇ ದಿನದಲ್ಲಿ ಮುಗಿಯದಿದ್ದರೆ ಎರಡು ಸಂಜೆ ಕೂರಿ. ಆಮೇಲೆ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಗೆರೆ ಎಳೆಯಿರಿ: ‘ಗೊತ್ತೇ ಇರಲಿಲ್ಲ’, ‘ಗೊತ್ತಿತ್ತು, ಅವಸರದಲ್ಲಿ ತಪ್ಪಿತು’, ‘ಮುಟ್ಟಲೇಬಾರದಿತ್ತು’. ಬಿಟ್ಟು ಬಂದ ಪ್ರಶ್ನೆಗಳಲ್ಲಿ ಈಗ ಸಲೀಸಾಗಿ ಆದವನ್ನು ಕೆಳಗೆ ಬೇರೆಯಾಗಿ ಬರೆಯಿರಿ.

ನನ್ನ ತಂಗಿಯ ಕ್ವಾಂಟ್ (ಗಣಿತದ ವಿಭಾಗ) ಹೀಗಿತ್ತು. 22 ಪ್ರಶ್ನೆಯಲ್ಲಿ 14 ಮುಟ್ಟಿದ್ದಳು. 7 ಸರಿ, 7 ತಪ್ಪು. ಸರಿಗೆ 3 ಅಂಕ. ಆಯ್ಕೆ ಇರುವ ಪ್ರಶ್ನೆ ತಪ್ಪಾದರೆ 1 ಅಂಕ ಹೋಗುತ್ತದೆ. ಉತ್ತರವನ್ನು ಟೈಪ್ ಮಾಡಬೇಕಾದ ಪ್ರಶ್ನೆಗೆ ನೆಗೆಟಿವ್ ಇಲ್ಲ. ಅವಳ ತಪ್ಪುಗಳೆಲ್ಲ ಆಯ್ಕೆ ಇರುವ ಪ್ರಶ್ನೆಗಳೇ. ಹಾಗಾಗಿ 21ರಲ್ಲಿ 7 ಹೋಗಿ 14 ಅಂಕ. ಮನೆಯಲ್ಲಿ ಗಡಿಯಾರ ಇಲ್ಲದೆ ಬಿಡಿಸಿದಾಗ ಆ 7 ತಪ್ಪುಗಳಲ್ಲಿ 5 ಸರಿಯಾದವು. ಮುಟ್ಟದೇ ಬಿಟ್ಟ 8ರಲ್ಲಿ 3 ಸುಲಭವಾಗಿ ಬಂದವು. ಅಂದರೆ 22ರಲ್ಲಿ 15 ಪ್ರಶ್ನೆ ಅವಳಿಗೆ ಗೊತ್ತಿದ್ದವೇ. ದತ್ತಾಂಶ ಮತ್ತು ತರ್ಕದ ಡಿಐಎಲ್‌ಆರ್ ವಿಭಾಗದಲ್ಲಿ ಮೊದಲು ಕಂಡ ಸೆಟ್ಟನ್ನೇ (ಒಂದೇ ಮಾಹಿತಿಯ ಮೇಲಿನ ಪ್ರಶ್ನೆಗಳ ಗುಂಪು) ಹಿಡಿದು 18 ನಿಮಿಷ ಕಳೆದು, ಕೊನೆಗೆ ಅದನ್ನು ಬಿಟ್ಟಿದ್ದಳು. 40 ನಿಮಿಷದಲ್ಲಿ 18 ನಿಮಿಷ! ಆ ಶೀಟ್ ನೋಡಿದ ಮೇಲೆ ಅವಳೇ ಹೇಳಿದಳು, ‘ಅಕ್ಕಾ, ನಂಗೆ ಪಾಠ ಬರಲ್ಲ ಅಂತ ಅಲ್ಲ, ಆರಿಸೋಕೆ ಬರಲ್ಲ.’

ಈಗ ದಾರಿ ಆರಿಸಿ

ಗಡಿಯಾರ ಇಲ್ಲದೆಯೂ ಅರ್ಧಕ್ಕಿಂತ ಹೆಚ್ಚು ಪ್ರಶ್ನೆ ಬರಲಿಲ್ಲವಾ? ಹಾಗಾದರೆ ಬುನಾದಿ ಗಟ್ಟಿಯಾಗಬೇಕು. ಕ್ಲಾಸ್ ಅಥವಾ ರೆಕಾರ್ಡೆಡ್ ಕೋರ್ಸ್‌ಗೆ ಅರ್ಥ ಇರುವುದು ಇಲ್ಲಿ. ಅದಕ್ಕೂ ಮೊದಲು ಎಂಟರಿಂದ ಹತ್ತನೇ ತರಗತಿವರೆಗಿನ ಗಣಿತ ಪುಸ್ತಕ ತೆಗೆಯಿರಿ, ಕನ್ನಡ ಮಾಧ್ಯಮದ್ದಾದರೂ ಸರಿ. ಕ್ವಾಂಟ್‌ನಲ್ಲಿ ಅಂಕಗಣಿತ ಮತ್ತು ಬೀಜಗಣಿತದ ಪಾಲೇ ಜಾಸ್ತಿ. ಅದರ ಬೇರು ಅಲ್ಲೇ ಇದೆ.

ಗಡಿಯಾರ ಇಲ್ಲದಾಗ ಬಂದು, ಇದ್ದಾಗ ತಪ್ಪಿದವೇ ಜಾಸ್ತಿಯಾ? ಕ್ಲಾಸ್ ಬೇಡ. ಒಳ್ಳೆಯ ಒಂದು ಟೆಸ್ಟ್ ಸೀರೀಸ್ (ಮಾಕ್‌ಗಳ ಸರಣಿ) ಸಾಕು. ನನ್ನ ತಂಗಿ ಇದನ್ನೇ ಆರಿಸಿದಳು. ಉಳಿದ ದುಡ್ಡಲ್ಲಿ ರೇಖಾಗಣಿತಕ್ಕೆ ಮಾತ್ರ ಒಬ್ಬ ಮೇಷ್ಟ್ರ ಹತ್ತಿರ ಆರು ವಾರ ಹೋದಳು.

ಒಂದೇ ವಿಭಾಗ ಕೈಕೊಟ್ಟಿದ್ದರೆ ಆ ವಿಭಾಗದ ಕೋರ್ಸ್ ಮಾತ್ರ ಕೊಡುತ್ತಾರಾ ಅಂತ ಕೇಳಿ. ಒಬ್ಬರೇ ಕೂತರೆ ಓದು ಸಾಗದವರಿಗೆ, ಮತ್ತೆ ಬರೆಯುತ್ತಿರುವ ಇಬ್ಬರು ಮೂವರು ಸೇರಿ ವಾರಕ್ಕೊಮ್ಮೆ ಮಾಕ್ ಚರ್ಚೆ ಮಾಡುವುದು ದುಬಾರಿ ಕ್ಲಾಸಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಕೋಚಿಂಗ್‌ಗೆ ಹೋಗುವುದೇ ಆದರೆ ಕೌಂಟರ್‌ನಲ್ಲಿ ಇಷ್ಟು ಕೇಳಿ. ಎರಡನೇ ಸಲ ಬರೆಯುವವರಿಗೆ ಬೇರೆ ಬ್ಯಾಚ್ ಇದೆಯಾ, ಇಲ್ಲಾ ಹೊಸಬರ ಜೊತೆಯೇ ಕೂರಿಸುತ್ತೀರಾ? ನನ್ನ ಮಾಕ್ ಅನ್ನು ನನ್ನ ಜೊತೆ ಕೂತು ಯಾರು ನೋಡುತ್ತಾರೆ? ನಡುವೆ ಬಿಟ್ಟರೆ ಎಷ್ಟು ವಾಪಸ್ ಕೊಡುತ್ತೀರಿ, ಬರೆದು ಕೊಡುತ್ತೀರಾ? ‘ಇವತ್ತೇ ಕಟ್ಟಿದರೆ ಮಾತ್ರ ರಿಯಾಯಿತಿ’ ಅಂದರೆ ಎದ್ದು ಬನ್ನಿ. ಹೋರ್ಡಿಂಗ್‌ನಲ್ಲಿ ಟಾಪರ್ ಫೋಟೋ ಇದ್ದರೆ, ಅವರು ಅಲ್ಲಿ ಪೂರ್ತಿ ಕ್ಲಾಸ್ ಕೇಳಿದ್ದರಾ, ಬರೀ ಮಾಕ್ ತಗೊಂಡಿದ್ದರಾ ಅಂತಲೂ ವಿಚಾರಿಸಿ.

ಕನ್ನಡ ಮಾಧ್ಯಮದಿಂದ ಬಂದವರಿಗೆ

ಪರೀಕ್ಷೆ ಇಂಗ್ಲಿಷ್‌ನಲ್ಲಿ ಮಾತ್ರ. ವಿಎಆರ್‌ಸಿ (ಇಂಗ್ಲಿಷ್ ಭಾಷೆಯ ವಿಭಾಗ) ಅಂದರೆ ಎದೆ ಹೊಡೆದುಕೊಳ್ಳುತ್ತದೆ, ನನಗೂ ಹಾಗೇ ಆಗುತ್ತಿತ್ತು. ಪದಗಳ ಪಟ್ಟಿ ಬಾಯಿಪಾಠ ಮಾಡಿ ನಾನು ಒಂದು ವರ್ಷ ಕಳೆದೆ, ಏನೂ ಆಗಲಿಲ್ಲ. 2024ರ ಪತ್ರಿಕೆಯಲ್ಲಿ ಈ ವಿಭಾಗದ 24 ಪ್ರಶ್ನೆಗಳಲ್ಲಿ 16 ಆರ್‌ಸಿ, ಅಂದರೆ ಓದಿ ಅರ್ಥ ಮಾಡಿಕೊಳ್ಳುವ ಪ್ರಶ್ನೆಗಳು. ನಾಲ್ಕು ಪ್ಯಾಸೇಜ್, ಒಂದೊಂದಕ್ಕೆ ನಾಲ್ಕು ಪ್ರಶ್ನೆ.

ನನಗೆ ಉಪಯೋಗಕ್ಕೆ ಬಂದ ಅಭ್ಯಾಸ ಇದು. ದಿನಾ ಒಂದು ಇಂಗ್ಲಿಷ್ ಲೇಖನ ಓದಿ. ಓದಿ ಮುಚ್ಚಿಟ್ಟು, ಬರೆದವರು ಹೇಳಿದ್ದೇನು ಅಂತ ಕನ್ನಡದಲ್ಲೇ ಒಂದು ವಾಕ್ಯ ಬರೆಯಿರಿ. ವಾಕ್ಯ ಬರಲಿಲ್ಲ ಅಂದರೆ ಅರ್ಥ ಆಗಿಲ್ಲ, ಮತ್ತೆ ಓದಿ. ಕಲೆ, ತತ್ವಶಾಸ್ತ್ರ, ಅರ್ಥಶಾಸ್ತ್ರ, ವಿಜ್ಞಾನ ಎಲ್ಲವನ್ನೂ ಓದಿ, ಇಷ್ಟವಿಲ್ಲದ್ದನ್ನು ಜಾಸ್ತಿ ಓದಿ. ಎರಡು ತಿಂಗಳಾದ ಮೇಲೆ ಗಡಿಯಾರ ಇಟ್ಟುಕೊಳ್ಳಿ. ನಿಮ್ಮ ಭಾಷೆಯಲ್ಲಿ ಯೋಚಿಸಿ ಅರ್ಥ ಮಾಡಿಕೊಳ್ಳುವುದು ದೌರ್ಬಲ್ಯ ಅಲ್ಲ.

ಮಾಕ್: ಬರೆಯುವುದಕ್ಕಿಂತ ನೋಡುವುದಕ್ಕೆ ಹೆಚ್ಚು ಹೊತ್ತು

ಆಗಸ್ಟ್‌ವರೆಗೆ ಹದಿನೈದು ದಿನಕ್ಕೊಂದು, ಸೆಪ್ಟೆಂಬರ್‌ನಲ್ಲಿ ವಾರಕ್ಕೊಂದು, ಆಮೇಲೆ ವಾರಕ್ಕೆರಡು. ಇಪ್ಪತ್ತು ಇಪ್ಪತ್ತೈದು ಮಾಕ್ ಸಾಕು. ಎರಡು ಗಂಟೆಯ ಮಾಕ್‌ಗೆ ಮೂರು ಗಂಟೆ ವಿಶ್ಲೇಷಣೆ ಮಾಡಿ. ಅದೇ ಮೂರು ಕಾಲಂ ನೋಟ್‌ಬುಕ್. ಟೆಸ್ಟ್ ಸೀರೀಸ್‌ಗಳಲ್ಲಿ ಪ್ರತಿ ಪ್ರಶ್ನೆಗೆ ಎಷ್ಟು ಸಮಯ ಹೋಯಿತು ಅಂತ ತೋರಿಸುತ್ತಾರೆ. ಮೊದಲು ಅದನ್ನು ನೋಡಿ, ಸ್ಕೋರ್ ಆಮೇಲೆ.

ಡಿಐಎಲ್‌ಆರ್‌ಗೆ ಒಂದು ನಿಯಮ: ಮೊದಲ ಐದು ನಿಮಿಷ ಪೆನ್ನು ಕೆಳಗಿಡಿ. ಎಲ್ಲ ಸೆಟ್ ಓದಿ, ಯಾವ ಎರಡು ಮೂರು ಮಾಡುತ್ತೀರಿ ಅಂತ ಗುರುತು ಮಾಡಿ. ತಂಗಿಗೆ ಇದು ಕೈಗೆ ಹತ್ತಲು ಏಳು ಮಾಕ್ ಬೇಕಾಯಿತು. ಮೊದಲ ಮೂರರಲ್ಲಿ ಸ್ಕೋರ್ ಇನ್ನೂ ಇಳಿಯಿತು, ಅತ್ತಳು ಕೂಡ. ಎಂಟನೇ ಮಾಕ್‌ನಲ್ಲಿ ಮೂರು ಸೆಟ್ ಪೂರ್ತಿ ಮಾಡಿ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದಳು.

ಹಳೆಯ ಪುಸ್ತಕ ಬಳಸುವವರು ಒಂದು ಗಮನಿಸಿ. 2015ರಿಂದ 2019ರವರೆಗೆ ಪರೀಕ್ಷೆ ಮೂರು ಗಂಟೆ, 100 ಪ್ರಶ್ನೆ. 2020ರಿಂದ ಎರಡು ಗಂಟೆ, ವಿಭಾಗಕ್ಕೆ 40 ನಿಮಿಷ. 2024ರಲ್ಲಿ ಒಟ್ಟು 68 ಪ್ರಶ್ನೆ ಇದ್ದವು. ಹಳೆಯ ಪತ್ರಿಕೆಗಳನ್ನು ಅಭ್ಯಾಸಕ್ಕೆ ಬಳಸಿ, ಸಮಯದ ಲೆಕ್ಕಕ್ಕೆ ಬಳಸಬೇಡಿ.

ಒಂದೇ ಬುಟ್ಟಿ ಬೇಡ

ಇದೇ ಓದಿಗೆ ಬೇರೆ ಎಂಬಿಎ ಪ್ರವೇಶ ಪರೀಕ್ಷೆಗಳೂ ಇವೆ. ಜನವರಿಯಲ್ಲಿ ಎಕ್ಸ್‌ಎಟಿ ಬರುತ್ತದೆ. ಎನ್‌ಮ್ಯಾಟ್, ಸ್ನ್ಯಾಪ್ ಎರಡರಲ್ಲೂ ಒಂದೇ ಸೀಸನ್‌ನಲ್ಲಿ ಮೂರು ಸಲದವರೆಗೆ ಬರೆಯಬಹುದು. ನಮ್ಮ ರಾಜ್ಯದ ಕಾಲೇಜುಗಳ ಎಂಬಿಎ ಸೀಟಿಗೆ ಕೆಇಎ ನಡೆಸುವ ಪಿಜಿಸಿಇಟಿ ಇದೆ. ಹೊರದೇಶದ ಆಸೆ ಇದ್ದರೆ ಜಿಮ್ಯಾಟ್ ನೋಡಿ, ಅದರ ಸ್ಕೋರ್ ಐದು ವರ್ಷ ನಡೆಯುತ್ತದೆ.

ಅರ್ಜಿಗೆ ಮೊದಲು ಕಾಗದ ಪತ್ರ

ಕ್ಯಾಟ್ ಅರ್ಜಿ ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ಶುರುವಾಗುತ್ತದೆ. ಹೊಸದಾಗಿಯೇ ನೋಂದಣಿ ಮಾಡಬೇಕು. 2025ರಲ್ಲಿ ಶುಲ್ಕ 2,600 ರೂಪಾಯಿ, ಎಸ್‌ಸಿ, ಎಸ್‌ಟಿ ಮತ್ತು ಅಂಗವಿಕಲರಿಗೆ 1,300 ಇತ್ತು. ಹಿಂದುಳಿದ ವರ್ಗದವರು ಒಂದು ವಿಷಯ ನೆನಪಿಡಿ. 2ಎ, 3ಬಿ ಅಂತ ರಾಜ್ಯ ಕೊಡುವ ಪ್ರಮಾಣಪತ್ರ ಐಐಎಂಗಳಿಗೆ ಸಾಕಾಗುವುದಿಲ್ಲ. ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇರಬೇಕು. ಕೇಂದ್ರದ ನಮೂನೆಯಲ್ಲೇ, ಕೆನೆಪದರದಲ್ಲಿಲ್ಲ ಅನ್ನುವ ಪ್ರಮಾಣಪತ್ರ ಬೇಕು. ನಾಡಕಚೇರಿಗೆ ಹೋದಾಗ ‘ಕೇಂದ್ರದ್ದು ಬೇಕು’ ಅಂತ ಬಿಡಿಸಿ ಹೇಳಿ, ಕೊಟ್ಟ ಕಾಗದವನ್ನು ಅಲ್ಲೇ ನಿಂತು ಓದಿ ನೋಡಿ. ಜೂನ್‌ನಲ್ಲೇ ಹೋದರೆ ತಪ್ಪಿದ್ದರೂ ತಿದ್ದಿಸಲು ಸಮಯ ಇರುತ್ತದೆ.